ಕಬಕದಲ್ಲಿಲ್ಲದ ಕಬಕ ಪುತ್ತೂರು

ಪ್ರಶ್ನೆ: ನಾನು ಕಾಣಿಯೂರು ಕಡೆಯವಳು, ನಿವೃತ್ತ ಶಿಕ್ಷಕಿ. ಮಗ ಜರ್ಮನಿಯಲ್ಲಿ ಸ್ಟುಟ್‌ಗಾರ್ಟ್ ಹತ್ತಿರದ ವೈಲ್ ಡೆರ್ ಶ್ಟಾಟ್ ಎಂಬ ಸಣ್ಣ ಊರಿನಲ್ಲಿದ್ದಾನೆ. ಅಲ್ಲಿ ಅರ್ಧ ಗಂಟೆಗೊಂದು ಲೋಕಲ್ ರೈಲು ಇದೆ, ಟೈಮ್ ಟೇಬಲ್ ನೋಡುವುದೇ ಬೇಡ ಎನ್ನುತ್ತಾನೆ. ನಮ್ಮ ಪುತ್ತೂರು ಸ್ಟೇಷನ್ನಿಗೆ ಕಬಕ ಪುತ್ತೂರು ಎಂಬ ಹೆಸರು ಯಾಕೆ ಬಂತು? ಈ ಲೈನು ಯಾವಾಗ ಆಯಿತು? ನಮಗೆ ಲೋಕಲ್ ರೈಲು ಯಾಕೆ ಇಷ್ಟು ಕಡಿಮೆ? ಮಂಗಳೂರಿನ ಆಸ್ಪತ್ರೆಗೆ ಹೋಗಿ ಅದೇ ದಿನ ರೈಲಿನಲ್ಲೇ ಮನೆಗೆ ಬರಬಹುದೇ?

ಉತ್ತರ: ಟೀಚರೇ, ಹೆಸರಿನಿಂದಲೇ ಹೊರಡೋಣ. ಹೊರಗಿನಿಂದ ಬರುವವರಿಗೆ ಇದು ಈಗಲೂ ಗೊಂದಲ. ಕಬಕ ಇರುವುದು ಪುತ್ತೂರಿನಿಂದ ಮಾಣಿಯ ಕಡೆಗೆ ಹೋಗುವ ದಾರಿಯಲ್ಲಿ, ಪೇಟೆಯಿಂದ ಕೆಲವು ಕಿಲೋಮೀಟರ್ ಆಚೆ. ಸ್ಟೇಷನ್ ಇರುವುದು ಪೇಟೆಗೆ ಅಂಟಿಕೊಂಡ ಹಾರಾಡಿಯಲ್ಲಿ. ಬೋರ್ಡ್ ಓದಿದವರು ಕಬಕದಲ್ಲಿ ಇಳಿದೆವು ಎಂದುಕೊಳ್ಳುತ್ತಾರೆ, ಹೊರಗೆ ಬಂದರೆ ಪುತ್ತೂರು ಪೇಟೆ. ಕಾರಣ ಸರಳ. ರೈಲ್ವೆಯಲ್ಲಿ ಒಂದು ಹೆಸರಿಗೆ ಒಂದೇ ನಿಲ್ದಾಣ ಇರಬೇಕು, ಇಲ್ಲದಿದ್ದರೆ ಟಿಕೆಟ್ ಒಂದೂರಿಗೆ, ಸಾಮಾನು ಇನ್ನೊಂದೂರಿಗೆ ಹೋಗುತ್ತದೆ. ಆಂಧ್ರದಲ್ಲಿ ರೇಣಿಗುಂಟ–ಅರಕ್ಕೋಣಂ ದಾರಿಯಲ್ಲಿ ಒಂದು ಪುತ್ತೂರು ನಮ್ಮ ಲೈನು ಬರುವುದಕ್ಕೆ ಎಷ್ಟೋ ಮೊದಲಿನಿಂದ ಇತ್ತು. ಅದರ ಸಂಕೇತ ಪಿಯುಟಿ. ನಮ್ಮದಕ್ಕೆ ಪಕ್ಕದ ಗ್ರಾಮದ ಹೆಸರನ್ನು ಮುಂದೆ ಕಟ್ಟಿ ಕಬಕ ಪುತ್ತೂರು ಎಂದರು, ಸಂಕೇತ ಕೆಬಿಪಿಆರ್ ಆಯಿತು. ಆ್ಯಪಿನಲ್ಲಿ ಬರೀ ‘ಪುತ್ತೂರು’ ಎಂದು ಹುಡುಕಿ ಟಿಕೆಟ್ ಮಾಡಿದರೆ ತಿರುಪತಿಯ ಕಡೆಯ ಊರು ಸಿಕ್ಕೀತು. ಬೆಂಗಳೂರಿನಿಂದ ಬರುವ ನೆಂಟರಿಗೆ ಇದನ್ನು ಮೊದಲೇ ಹೇಳಿಡಿ.

ಸುಬ್ರಹ್ಮಣ್ಯ ರೋಡ್ ಎಂಬ ಹೆಸರಿನ ಕಥೆ ಬೇರೆ. ಆ ನಿಲ್ದಾಣ ಇರುವುದು ನೆಟ್ಟಣದಲ್ಲಿ. ಕುಕ್ಕೆಗೆ ಅಲ್ಲಿಂದ ಇನ್ನೂ ಹನ್ನೆರಡು ಕಿಲೋಮೀಟರಿನಷ್ಟು ಬಸ್ಸೋ ಜೀಪೋ ಹಿಡಿಯಬೇಕು. ಊರಿನೊಳಗೆ ಹೋಗಲಾಗದ ಲೈನಿನ ನಿಲ್ದಾಣಕ್ಕೆ ‘ರೋಡ್’ ಎಂದು ಸೇರಿಸುವುದು ಬ್ರಿಟಿಷರ ಕಾಲದಿಂದ ಬಂದ ರೂಢಿ. ‘ಇಲ್ಲಿ ಇಳಿದರೆ ಆ ಊರಿಗೆ ರಸ್ತೆ ಇದೆ’ ಎಂಬುದು ಅದರ ಅರ್ಥ. ಕಡಬ ತಾಲ್ಲೂಕು ಆಗುವ ಮೊದಲು ನೆಟ್ಟಣ ಪುತ್ತೂರು ತಾಲ್ಲೂಕಿನಲ್ಲಿತ್ತು, ಸುಬ್ರಹ್ಮಣ್ಯ ಸುಳ್ಯ ತಾಲ್ಲೂಕಿನಲ್ಲಿತ್ತು. ಈಗ ಎರಡೂ ಕಡಬಕ್ಕೆ ಸೇರಿವೆ. ಸುಳ್ಯ ಪೇಟೆಗೆ ಮಾತ್ರ ಆಗಲೂ ರೈಲು ಇರಲಿಲ್ಲ, ಈಗಲೂ ಇಲ್ಲ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಲೈನು ಯಾವಾಗ ಆಯಿತು ಎಂದು ಕೇಳಿದ್ದೀರಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ದಕ್ಷಿಣದಿಂದ, ಕೇರಳದ ಕರಾವಳಿ ಹಿಡಿದು. ನಮ್ಮ ಜಿಲ್ಲೆ ಆಗ ಮದರಾಸಿಗೆ ಸೇರಿತ್ತು, ಹಾಗಾಗಿ ಲೈನೂ ಮದರಾಸಿನ ಕಡೆಗೇ ಮುಖ ಮಾಡಿತ್ತು. ಮಂಗಳೂರಿನವರು ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದರೆ ಶೊರನೂರು, ಪಾಲಕ್ಕಾಡು, ಸೇಲಂ, ಜೋಲಾರ್‌ಪೇಟೆ ಎಂದು ಅರ್ಧ ದಕ್ಷಿಣ ಭಾರತ ಸುತ್ತಬೇಕಿತ್ತು. ಘಟ್ಟದ ಮೇಲಿನ ಹಾಸನದಲ್ಲಿ ರೈಲು ಇತ್ತು, ಕೆಳಗೆ ಮಂಗಳೂರಿನಲ್ಲೂ ಇತ್ತು. ಪುತ್ತೂರು, ಕಡಬ, ಸುಳ್ಯದ ಜನ ಈ ಎರಡರ ನಡುವಿನ ಕಾಡು ಮತ್ತು ತೋಟದಲ್ಲಿದ್ದರು.

ಹಾಸನ–ಮಂಗಳೂರು ಲೈನಿನ ಕೆಲಸ ಹಿಡಿದದ್ದು 1960ರ ದಶಕದ ನಡುವಿನಲ್ಲಿ. ಪಣಂಬೂರಿನಲ್ಲಿ ಹೊಸ ಬಂದರು ತಲೆಯೆತ್ತುತ್ತಿದ್ದ ಕಾಲ ಅದು. ಬಂದರಿಗೆ ಘಟ್ಟದ ಮೇಲಿನಿಂದ ಸರಕು ಇಳಿಯಬೇಕು, ಬಂದರಿನಿಂದ ಗೊಬ್ಬರವೂ ಎಣ್ಣೆಯೂ ಮೇಲಕ್ಕೆ ಹೋಗಬೇಕು. ನಿಮ್ಮ ಮೂರನೆಯ ಪ್ರಶ್ನೆಯ ಉತ್ತರದ ಅರ್ಧ ಇಲ್ಲೇ ಇದೆ. ಈ ಲೈನು ಹುಟ್ಟಿದ್ದು ಬಂದರಿಗೂ ಬಯಲುಸೀಮೆಗೂ ಸಂಬಂಧ ಬೆಸೆಯುವುದಕ್ಕೆ. ಕಾಣಿಯೂರಿನ ಟೀಚರ್ ಬೆಳಿಗ್ಗೆ ಪುತ್ತೂರಿಗೆ ಹೋಗಿ ಸಂಜೆ ಬರಲಿ ಎಂಬುದು ಯೋಜನೆಯ ಮೊದಲ ಪುಟದಲ್ಲಿ ಇರಲಿಲ್ಲ. ನಮ್ಮೂರುಗಳಿಗೆ ನಿಲ್ದಾಣ ಸಿಕ್ಕಿದ್ದು ಲೈನು ಈ ದಾರಿಯಲ್ಲಿ ಹಾದುಹೋದದ್ದರಿಂದ.

ಪೂರ್ತಿ ಲೈನು ಮುಗಿದು ಹಾಸನದವರೆಗೆ ರೈಲು ಓಡಿದ್ದು 1979ರಲ್ಲಿ. ಹದಿನೈದು ವರ್ಷ ಹಿಡಿಯಿತು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೆಟ್ಟಣಕ್ಕೆ ಇಳಿಯುವ ಸುಮಾರು 55 ಕಿಲೋಮೀಟರ್ ದಾರಿಯಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂದು ಕಾಡಿನ ನಡುವೆ ನಿಲ್ದಾಣಗಳು. ಏರಿಕೆ ಐವತ್ತಕ್ಕೆ ಒಂದು, ಎಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಕೇಳಲು ಸಣ್ಣ ಲೆಕ್ಕ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಉರುಳುವಾಗ ಇದು ದೊಡ್ಡ ಏರು. ಮಳೆಗಾಲದಲ್ಲಿ ಹಳಿ ಒದ್ದೆಯಾದರೆ ಚಕ್ರ ಹಿಡಿತವಿಲ್ಲದೆ ನಿಂತಲ್ಲೇ ಸುತ್ತುತ್ತದೆ. ಎಂಜಿನ್ನಿನಿಂದ ಹಳಿಯ ಮೇಲೆ ಮರಳು ಬಿಡುವ ವ್ಯವಸ್ಥೆ ಇರುವುದು ಇದಕ್ಕೇ.

ಆಗ ಹಾಕಿದ್ದು ಮೀಟರ್ ಗೇಜ್, ಹಳಿಗಳ ನಡುವೆ ಒಂದು ಮೀಟರ್ ಅಂತರ. ಹಾಸನದ ಕಡೆಯ ಹಳೆಯ ಮೈಸೂರಿನ ಲೈನುಗಳೆಲ್ಲ ಮೀಟರ್ ಗೇಜ್ ಆಗಿದ್ದವು, ಅದಕ್ಕೆ ಹೊಂದಬೇಕಿತ್ತು. ಮಂಗಳೂರಿನ ಕೇರಳ ಲೈನು ಬ್ರಾಡ್ ಗೇಜ್. ಹಾಗಾಗಿ ಮಂಗಳೂರಿನಲ್ಲಿ ಎರಡು ಲೈನುಗಳು ಎದುರುಬದುರು ನಿಂತರೂ ಒಂದರ ಬೋಗಿ ಇನ್ನೊಂದರ ಮೇಲೆ ಓಡುತ್ತಿರಲಿಲ್ಲ. ಜನ ಗಂಟುಮೂಟೆ ಹೊತ್ತು ಪ್ಲಾಟ್‌ಫಾರ್ಮ್ ಬದಲಿಸಬೇಕು, ಸರಕು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರಬೇಕು.

ದೇಶದ ಲೈನುಗಳನ್ನೆಲ್ಲ ಒಂದೇ ಅಳತೆಗೆ ತರುವ ಕೆಲಸ 1992ರಲ್ಲಿ ಶುರುವಾಯಿತು. ನಮ್ಮ ಘಾಟಿಯ ಸರದಿ ಬಂದದ್ದು 1996ರಲ್ಲಿ. ರೈಲು ನಿಲ್ಲಿಸಿ ಹಳಿ ಕಿತ್ತರು. ಎರಡು ಮೂರು ವರ್ಷದಲ್ಲಿ ಮುಗಿದೀತು ಎಂದುಕೊಂಡವರ ಲೆಕ್ಕ ತಪ್ಪಿತು. ಮೀಟರ್ ಗೇಜಿಗೆ ಕೊರೆದ ಸುರಂಗದಲ್ಲಿ ಬ್ರಾಡ್ ಗೇಜಿನ ಅಗಲದ ಬೋಗಿ ಹಿಡಿಸಬೇಕು, ಸೇತುವೆಗಳು ಹೆಚ್ಚು ಭಾರ ತಡೆಯಬೇಕು. ಹಣವೂ ವರ್ಷಕ್ಕಿಷ್ಟು ಎಂದು ಹನಿಹನಿಯಾಗಿ ಬರುತ್ತಿತ್ತು. ಆ ನಡುವೆ 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆಯಿತು. ಮಂಗಳೂರಿನಿಂದ ಮುಂಬಯಿಗೆ ರೈಲು ಸಿಕ್ಕಿತು, ರಾಜಧಾನಿ ಬೆಂಗಳೂರಿಗೆ ಇದ್ದ ನೇರ ದಾರಿ ಕಿತ್ತುಬಿದ್ದಿತ್ತು. ಕೊನೆಗೆ 2003ರಲ್ಲಿ ರೈಲ್ವೆ ಸಚಿವಾಲಯ, ರಾಜ್ಯ ಸರ್ಕಾರ ಸೇರಿ ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಮಾಡಿದ ಮೇಲೆ ಕೆಲಸಕ್ಕೆ ವೇಗ ಬಂತು. 2006ರಲ್ಲಿ ಗೂಡ್ಸ್ ರೈಲು ಬಿಟ್ಟರು. ಪ್ರಯಾಣಿಕರ ರೈಲು ಘಾಟಿ ಹತ್ತಿದ್ದು 2007ರ ಡಿಸೆಂಬರಿನಲ್ಲಿ.

ಹನ್ನೊಂದು ವರ್ಷ! 1996ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಪಿಯುಸಿಗೆ ಬರುವಷ್ಟು ಕಾಲ. ಆ ಮಕ್ಕಳು ಬೆಂಗಳೂರಿಗೆ ರಾತ್ರಿ ಬಸ್ಸು ಎಂದೇ ಕಲಿತು ಬೆಳೆದರು. ಶಿರಾಡಿ ಘಾಟಿಯ ಹೊಂಡಗಳಲ್ಲಿ ಎದ್ದು ಬಿದ್ದು ಹೋಗುವುದೇ ಪ್ರಯಾಣ ಎಂದು ಒಂದು ತಲೆಮಾರು ಒಪ್ಪಿಕೊಂಡಿತು. ಇಲ್ಲಿ ರೈಲಿಗೆ ಜನ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ನೆನಪಾಗುವುದು ಆ ಹನ್ನೊಂದು ವರ್ಷ. ನಿತ್ಯ ಓಡುವ ಗಾಡಿಗೆ ಜನ ಕೂಡಿಕೊಳ್ಳುತ್ತಾರೆ. ನಿಂತ ಗಾಡಿಗಾಗಿ ಯಾರೂ ಮನೆಯ ದಿನಚರಿ ಬದಲಿಸಿಕೊಳ್ಳುವುದಿಲ್ಲ.

ಈಗ ಜರ್ಮನಿಗೆ ಹೋಗಿ ಬರೋಣ. ನಿಮ್ಮ ಮಗ ಇರುವ ಊರು ಖಗೋಳ ವಿಜ್ಞಾನಿ ಯೊಹಾನೆಸ್ ಕೆಪ್ಲರ್ 1571ರಲ್ಲಿ ಹುಟ್ಟಿದ ಊರು. ಶಿವರಾಮ ಕಾರಂತರ ಬಾಲವನ ಇರುವ ಪುತ್ತೂರಿನವರಿಗೆ ಇದು ಹತ್ತಿರದ ಸಂಗತಿ ಅನ್ನಿಸೀತು. ಜನಸಂಖ್ಯೆ ಇಪ್ಪತ್ತು ಸಾವಿರದೊಳಗೆ. ಅಲ್ಲಿಗೆ ರೈಲು ಬಂದದ್ದು 1869ರಲ್ಲಿ, ಲೈನಿಗೆ ವಿದ್ಯುತ್ ಬಂದದ್ದು 1939ರಲ್ಲಿ. ಎಸ್-ಬಾನ್ ಎಂಬ ಲೋಕಲ್ ರೈಲು ಶುರುವಾದದ್ದು 1978ರ ಅಕ್ಟೋಬರ್ 1ರಂದು. ಆ ವರ್ಷವನ್ನು ನೋಡಿ: ನಮ್ಮ ಘಾಟಿಯಲ್ಲಿ ಕೊನೆಯ ಹಳಿಗಳನ್ನು ಜೋಡಿಸುತ್ತಿದ್ದ ಕಾಲವೇ ಅದು. ಎರಡು ಸಣ್ಣ ಊರುಗಳಿಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊಸ ರೈಲು ಸಿಕ್ಕಿತು. ಅಲ್ಲಿ ಮೊದಲು ಯೋಚಿಸಿದ್ದು ನಿತ್ಯ ಕೆಲಸಕ್ಕೆ ಹೋಗಿಬರುವವರನ್ನು, ಇಲ್ಲಿ ಬಂದರಿನ ಸರಕನ್ನು.

ಅಲ್ಲಿನವರು ‘ಟಾಕ್ಟ್’ ಎನ್ನುವ ಒಂದು ಪದ್ಧತಿ ಇದೆ, ತಾಳ ಎಂದರೆ ಸರಿಯಾದೀತು. ಗಂಟೆಯ ಇಂಥ ನಿಮಿಷಕ್ಕೆ ರೈಲು ಎಂದು ಒಮ್ಮೆ ಗೊತ್ತುಮಾಡಿದರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ. ಯಕ್ಷಗಾನದ ಚೆಂಡೆಯವನು ತಾಳ ಎಣಿಸಿ ನೋಡುವುದಿಲ್ಲ, ಅದು ಅವನ ಕೈಯಲ್ಲೇ ಇರುತ್ತದೆ. ನಿಮ್ಮ ಮಗ ಟೈಮ್ ಟೇಬಲ್ ಬೇಡ ಎನ್ನುವುದು ಹಾಗೆ. ಈ ತಾಳದಿಂದ ಇನ್ನೊಂದು ಉಪಕಾರ ಇದೆ. ಎದುರು ಬರುವ ರೈಲುಗಳು ದಿನವಿಡೀ ಒಂದೇ ಜಾಗದಲ್ಲಿ ಸಂಧಿಸುತ್ತವೆ. ಆ ಜಾಗದಲ್ಲಿ ಮಾತ್ರ ಎರಡನೇ ಹಳಿ ಇದ್ದರೆ ಸಾಕು, ಒಂಟಿ ಹಳಿಯಲ್ಲೂ ಬೇಕಾದಷ್ಟು ರೈಲು ಓಡಿಸಬಹುದು.

ಒಂಟಿ ಹಳಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಲೈನಿನ ಸಂಕಟ ಇರುವುದೇ ಅಲ್ಲಿ. ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಂದು ಹೊತ್ತಿಗೆ ಒಂದೇ ರೈಲು. ಎದುರಿನಿಂದ ಬರುವುದು ಆಚೆ ತುದಿಯ ನಿಲ್ದಾಣದ ಲೂಪ್ ಲೈನಿನಲ್ಲಿ ಕಾಯಬೇಕು. ಅದಕ್ಕೇ ‘ಕ್ರಾಸಿಂಗ್ ಉಂಟು’ ಎಂದು ನಮ್ಮವರು ಹೇಳುವುದು. ಕ್ರಾಸಿಂಗ್ ಇರುವ ಎರಡು ನಿಲ್ದಾಣಗಳ ನಡುವೆ ಹತ್ತು ಕಿಲೋಮೀಟರ್ ಇದೆ ಎನ್ನಿ. ಲೋಕಲ್ ಗಾಡಿ ನಿಂತು ನಿಂತು ಅಷ್ಟು ದೂರ ಹೋಗಿ, ಹಿಂದಿನ ಬೋಗಿ ಒಳಗೆ ಸೇರಿ, ಪಾಯಿಂಟ್ ತಿರುಗಿಸಿ, ಸಿಗ್ನಲ್ ಕೊಡುವಷ್ಟರಲ್ಲಿ ಕಾಲು ಗಂಟೆ ಮೇಲಾಗುತ್ತದೆ. ಅಷ್ಟು ಹೊತ್ತು ಎದುರಿನ ಗೂಡ್ಸ್ ಅಲ್ಲಾಡುವ ಹಾಗಿಲ್ಲ. ಘಾಟಿಯಲ್ಲಿ ರೈಲು ಗಂಟೆಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಹೋಗುವುದರಿಂದ ಅಲ್ಲಿನ ಕಾಯುವಿಕೆ ಇನ್ನೂ ಉದ್ದ. ಅಲ್ಲಿ ತಡವಾದದ್ದು ಕೆಳಗೆ ಎಡಮಂಗಲದವರೆಗೂ, ಪುತ್ತೂರಿನವರೆಗೂ ಬರುತ್ತದೆ.

ನರಿಮೊಗರಿನಂಥ ಹಾಲ್ಟ್ ನಿಲ್ದಾಣದಲ್ಲಿ ಲೂಪ್ ಇರುವುದಿಲ್ಲ. ರೈಲು ನಿಲ್ಲುತ್ತದೆ, ಜನ ಹತ್ತುತ್ತಾರೆ, ಹೋಗುತ್ತದೆ, ಅಷ್ಟೇ. ಹಾಲ್ಟ್‌ಗಳಲ್ಲಿ ಟಿಕೆಟ್ ಕೊಡುವವರು ಸಾಮಾನ್ಯವಾಗಿ ರೈಲ್ವೆಯ ನೌಕರರಲ್ಲ, ಕಮಿಷನ್ನಿಗೆ ಒಪ್ಪಿಕೊಂಡ ಊರಿನವರು. ಜರ್ಮನಿಯಲ್ಲೂ ಇದೇ ಭೇದ ಇದೆ: ಹಳಿ ಕವಲೊಡೆಯುವ ಪಾಯಿಂಟ್ ಇದ್ದರೆ ಅದು ‘ಬಾನ್‌ಹೋಫ್’, ಇಲ್ಲದಿದ್ದರೆ ‘ಹಾಲ್ಟೆಪುಂಕ್ಟ್’. ಹಾಗಾಗಿ ನಿಮ್ಮ ಮಗನಿಗೆ ಹೇಳಿ, ಹಾಲ್ಟ್ ಎಂಬ ಮಾತು ಅವನ ಊರಿಗೂ ನಮ್ಮ ಊರಿಗೂ ಸಮಾನ.

ಇನ್ನೊಂದು ತೊಡಕು ಹಳಿಯ ಮೇಲೆ ಕಾಣಿಸುವಂಥದ್ದಲ್ಲ. ಕಬಕ ಪುತ್ತೂರು ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ. ಮಂಗಳೂರು ಸೆಂಟ್ರಲ್ ಮತ್ತು ಮಂಗಳೂರು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗಕ್ಕೆ. ಪಡೀಲಿನ ಹತ್ತಿರ ಯಜಮಾನಿಕೆ ಬದಲಾಗುತ್ತದೆ. ಎರಡೂವರೆ ಗಂಟೆಯೊಳಗೆ ಮುಗಿಯುವ ಒಂದು ಲೋಕಲ್ ಗಾಡಿಗೆ ಹುಬ್ಬಳ್ಳಿಯೂ ಚೆನ್ನೈಯೂ ಒಪ್ಪಬೇಕು. ನಮ್ಮ ಜಿಲ್ಲೆಯೊಳಗೇ ಓಡುವ ಗಾಡಿ ಇದು. ಇದನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ ಆಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇಷ್ಟೆಲ್ಲ ಇದ್ದೂ ಒಂದು ಒಳ್ಳೆಯ ಕೆಲಸ ಆಗಿದೆ. ಮೊದಲು ಬೆಳಗಿನ ಮತ್ತು ಸಂಜೆಯ ಮಂಗಳೂರು ಲೋಕಲ್‌ಗಳು ಪುತ್ತೂರಿಗೆ ಬಂದು ಅಲ್ಲಿಂದಲೇ ತಿರುಗುತ್ತಿದ್ದವು. ಪುತ್ತೂರಿನಾಚೆ ನಿಲ್ದಾಣ ಇತ್ತು, ಹಳಿ ಇತ್ತು, ಬೆಳಿಗ್ಗೆ ಹೋಗಿ ಸಂಜೆ ಬರುವ ಗಾಡಿ ಇರಲಿಲ್ಲ. ವರ್ಷಗಟ್ಟಲೆ ಮನವಿ ಕೊಟ್ಟ ಮೇಲೆ 2025ರ ಏಪ್ರಿಲ್ 12ರಂದು ಆ ಗಾಡಿಗಳನ್ನು ಸುಬ್ರಹ್ಮಣ್ಯ ರೋಡಿನವರೆಗೆ ವಿಸ್ತರಿಸಿದರು. ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ಹಸಿರು ನಿಶಾನೆ ತೋರಿಸಿದರು. ಒಂದು ಹೊಸ ಹಳಿ ಹಾಕಲಿಲ್ಲ, ಒಂದು ಹೊಸ ನಿಲ್ದಾಣ ಕಟ್ಟಲಿಲ್ಲ. ಪುತ್ತೂರಿನಲ್ಲಿ ತಿರುಗುತ್ತಿದ್ದ ಗಾಡಿ ಇನ್ನೊಂದು ನಲವತ್ತು ಕಿಲೋಮೀಟರಿನಷ್ಟು ಮುಂದೆ ಹೋಗಿ ತಿರುಗಿತು. ಅಷ್ಟರಿಂದ ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳದವರ ದಿನವೇ ಬದಲಾಯಿತು.

ಆ ಗಾಡಿಯಲ್ಲಿ ಒಮ್ಮೆ ಆಟಿಯ ಮಳೆಯಲ್ಲಿ ನೆಟ್ಟಣದಿಂದ ಹೊರಟಿದ್ದೆ. ಮೋಡಕ್ಕೆ ಬೆಳಕು ಮಂಕಾಗಿತ್ತು. ಪಕ್ಕದ ಹಳಿಯಲ್ಲಿ ಘಾಟಿ ಹತ್ತಲು ಒಂದು ಗೂಡ್ಸ್ ನಿಂತಿತ್ತು, ಅದರ ಬಾಲಕ್ಕೆ ಬ್ಯಾಂಕರ್ ಎಂಜಿನ್ ಸೇರಿಸುತ್ತಿದ್ದರು. ಏರಿನಲ್ಲಿ ಮುಂದಿನಿಂದ ಎಳೆದರೆ ಸಾಲದು, ಹಿಂದಿನಿಂದ ತಳ್ಳಬೇಕು. ರೇನ್‌ಕೋಟ್ ಹಾಕಿದ ಒಬ್ಬ ಹುಡುಗ ಬೋಗಿಗೂ ಎಂಜಿನ್ನಿಗೂ ನಡುವೆ ಬಗ್ಗಿ ನಿಂತು ಕೊಂಡಿ ಕೂತಿತೋ ಎಂದು ಟಾರ್ಚ್ ಬಿಟ್ಟು ನೋಡಿ, ಕೈಯಲ್ಲಿ ತಟ್ಟಿ, ಹೊರಗೆ ಬಂದು ದೀಪ ಆಡಿಸಿದ. ನಮ್ಮ ಗಾಡಿ ಹೊರಟಿತು. ಕೋಡಿಂಬಾಳ ದಾಟಿದ ಮೇಲೆ ಕುಮಾರಧಾರೆ. ಕೆಂಪು ನೀರು ದಡ ತುಂಬಿ, ಒಂದು ಇಡೀ ಮರ ಬೇರು ಮೇಲಾಗಿ ತೇಲುತ್ತಿತ್ತು. ಬೋಗಿಯಲ್ಲಿದ್ದವರು ಮಾತು ನಿಲ್ಲಿಸಿ ಎಲ್ಲರೂ ಒಂದೇ ಕಿಟಕಿಗೆ ಬಂದರು.

ಕಾಣಿಯೂರಿನಲ್ಲಿ ಹತ್ತಿದ ಹೆಂಗಸೊಬ್ಬರು ಒದ್ದೆ ಛತ್ರಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿ ತುರುಕಿ, ಇನ್ನೊಂದು ಚೀಲದಿಂದ ಎಕ್ಸ್-ರೇ ತೆಗೆದು ಒದ್ದೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡರು. ವೆನ್‌ಲಾಕಿಗೆ ಗಂಡನನ್ನು ಕರೆದುಕೊಂಡು ಹೋಗುತ್ತಿದ್ದರು. ಮಂಗಳೂರು ಸೆಂಟ್ರಲಿನಿಂದ ವೆನ್‌ಲಾಕ್ ಆಸ್ಪತ್ರೆ ನಡೆಯುವ ದೂರದಲ್ಲೇ ಇದೆ. ‘ಬಸ್ಸಿನಲ್ಲಾದರೆ ಇವರಿಗೆ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ, ಇಲ್ಲಿ ಕಾಲು ನೀಡಬಹುದು’ ಎಂದರು. ಮಹಿಳೆಯರಿಗೆ 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆದರೂ ಅವರು ದುಡ್ಡು ಕೊಟ್ಟು ರೈಲು ಹತ್ತಿದ್ದರು. ಬೆನ್ನು ನೋವಿನ ಗಂಡ, ಬಿ.ಸಿ. ರೋಡಿನಿಂದಾಚೆ ವರ್ಷಗಳಿಂದ ಅಗೆದಿಟ್ಟ ಹೆದ್ದಾರಿ. ಸಣ್ಣ ಲೋಕಲ್ ಗಾಡಿಗೆ ಏನು ಬೆಲೆ ಎಂದು ಕೇಳಿದರೆ ನಾನು ಆ ಎಕ್ಸ್-ರೇ ಚೀಲವನ್ನು ತೋರಿಸುತ್ತೇನೆ.

ನರಿಮೊಗರು ಬಂದಾಗ ಕಾಲೇಜಿನ ಮಕ್ಕಳು ಹತ್ತಿದರು. ಪುತ್ತೂರಿನಲ್ಲಿ ಅರ್ಧ ಬೋಗಿ ಇಳಿದು, ಅಷ್ಟೇ ಜನ ತುಂಬಿದರು. ಆಮೇಲೆ ನೇರಳಕಟ್ಟೆ, ನೇತ್ರಾವತಿಯ ಸೇತುವೆ, ಬಂಟ್ವಾಳ. ಮಂಗಳೂರು ಮುಟ್ಟುವಾಗ ಆಫೀಸು ಬಾಗಿಲು ತೆರೆಯುವ ಹೊತ್ತು.

ಲೋಕಲ್ ಅಲ್ಲದೆ ಬೆಂಗಳೂರು–ಮಂಗಳೂರು ನಡುವಿನ ಗೋಮಟೇಶ್ವರ, ಕಾರವಾರಕ್ಕೆ ಹೋಗುವ ಪಂಚಗಂಗಾ, ಕಣ್ಣೂರಿನ ರಾತ್ರಿ ರೈಲು ಇವೆಲ್ಲ ಕಬಕ ಪುತ್ತೂರಿನಲ್ಲಿ ನಿಲ್ಲುತ್ತವೆ. ಘಾಟಿಯ ಮೇಲೆ ಹೋಗುವ ಗಾಡಿಗಳನ್ನು ಮಾತ್ರ ಮಳೆಗಾಲದಲ್ಲಿ ಪೂರ್ತಿ ನೆಚ್ಚಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿತ್ತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಸಂಚಾರ ನಿಂತಿತ್ತು. 2025ರ ಜೂನಿನಿಂದ ಘಾಟಿಗೆ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕಾಗಿ ಹಗಲಿನ ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಘಾಟಿ ಮುಚ್ಚಿದಾಗಲೂ ಮಂಗಳೂರು–ಸುಬ್ರಹ್ಮಣ್ಯ ರೋಡ್ ಲೋಕಲ್‌ಗೆ ಅಡ್ಡಿಯಿಲ್ಲ, ಅದು ಘಟ್ಟದ ಬುಡದಲ್ಲೇ ತಿರುಗುತ್ತದೆ. ಬಂಟ್ವಾಳ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳನ್ನು ಅಮೃತ ಭಾರತ್ ಯೋಜನೆಯಲ್ಲಿ ಸುಧಾರಿಸಲು ಆರಿಸಿಕೊಂಡಿದ್ದಾರೆ. ಕಟ್ಟಡ ಚೆಂದವಾಗಲಿ, ಬೇಡವೆನ್ನುವುದಿಲ್ಲ. ಮಧ್ಯಾಹ್ನಕ್ಕೆ ಇನ್ನೆರಡು ಲೋಕಲ್ ಬಂದರೆ ಅದಕ್ಕಿಂತ ದೊಡ್ಡ ಸುಧಾರಣೆ ಆದೀತು ಎಂಬುದು ನನ್ನ ಲೆಕ್ಕ.

ಜರ್ಮನಿಯಲ್ಲೂ ಎಲ್ಲವೂ ಸುಸೂತ್ರ ಎಂದುಕೊಳ್ಳಬೇಡಿ. ನಿಮ್ಮ ಮಗನ ಊರಿನಿಂದ ಅದೇ ಲೈನು ಮುಂದೆ ಕಾಲ್ವ್ ಎಂಬ ಊರಿಗೆ ಹೋಗುತ್ತಿತ್ತು, 1872ರಿಂದ. ಕಾಲ್ವ್ ನಮಗೆ ಅಪರಿಚಿತವಲ್ಲ. ಮಲಯಾಳಂ ನಿಘಂಟು ಮಾಡಿದ ಹೆರ್ಮನ್ ಗುಂಡರ್ಟ್ ಮುಪ್ಪಿನಲ್ಲಿ ಬಾಳಿದ್ದು ಅಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಅವರಂತೆ ಗುಂಡರ್ಟರೂ ಬಾಸೆಲ್ ಮಿಷನ್ನಿನವರು. ಕಾದಂಬರಿಕಾರ ಹೆರ್ಮನ್ ಹೆಸ್ಸೆ ಗುಂಡರ್ಟರ ಮೊಮ್ಮಗ, ಹುಟ್ಟಿದ್ದು ಕಾಲ್ವ್‌ನಲ್ಲೇ. ಆ ಊರಿಗೆ ವೈಲ್ ಡೆರ್ ಶ್ಟಾಟ್‌ನಿಂದ ಹೋಗುತ್ತಿದ್ದ ಪ್ರಯಾಣಿಕರ ರೈಲನ್ನು ಜನ ಸಾಲದು ಎಂದು 1983ರಲ್ಲಿ ನಿಲ್ಲಿಸಿಬಿಟ್ಟರು. ಮತ್ತೆ ಬೇಕು ಎಂದು ಅಲ್ಲಿನವರು ದಶಕಗಳ ಕಾಲ ಓಡಾಡಿದರು. ಕೆಲಸ ಹಿಡಿದಾಗ ಪಾಳುಬಿದ್ದ ಹಳೆಯ ಸುರಂಗಗಳಲ್ಲಿ ಬಾವಲಿಗಳು ಮನೆ ಮಾಡಿಕೊಂಡಿದ್ದವು. ಅವಕ್ಕೆ ಪ್ರತ್ಯೇಕ ಜಾಗ ಬಿಟ್ಟು ರೈಲಿಗೆ ದಾರಿ ಮಾಡಬೇಕಾಯಿತು. ಯೋಜನೆಗೆ ಹೆಸ್ಸೆಯ ಹೆಸರನ್ನೇ ಇಟ್ಟರು. ನಿಲ್ಲಿಸುವುದಕ್ಕೆ ಒಂದು ಆದೇಶ ಸಾಕಾಗಿತ್ತು, ಮರಳಿ ತರಲು ನಲವತ್ತು ವರ್ಷದ ಓಡಾಟ. ನಮ್ಮ ಹನ್ನೊಂದು ವರ್ಷದ ನೋವು ಅವರಿಗೆ ಅರ್ಥವಾದೀತು.

ಅವರಿಂದ ನಾವು ತರಬಹುದಾದದ್ದು ಒಂದು ಇದೆ, ಟಿಕೆಟ್. 2023ರ ಮೇಯಲ್ಲಿ ಅವರು ತಿಂಗಳಿಗೆ 49 ಯೂರೋ ಕೊಟ್ಟರೆ ದೇಶದ ಯಾವ ಲೋಕಲ್ ರೈಲು, ಊರ ಬಸ್ಸು, ಟ್ರಾಮ್ ಬೇಕಾದರೂ ಹತ್ತಬಹುದಾದ ಒಂದೇ ಟಿಕೆಟ್ ತಂದರು. ಆಮೇಲೆ ದರ ಏರಿತು, ಪದ್ಧತಿ ಉಳಿಯಿತು. ಪುತ್ತೂರಿನಲ್ಲಿ ರೈಲು ಇಳಿದು ಅದೇ ಟಿಕೆಟ್ಟಿನಲ್ಲಿ ಸುಳ್ಯದ ಬಸ್ಸು ಹತ್ತುವ ದಿನವನ್ನು ನಾನು ಮನಸಾರೆ ಬಯಸುತ್ತೇನೆ.

ಸುಳ್ಯದವರು ಕೇಳುವ ಪ್ರಶ್ನೆ ಇಲ್ಲಿಗೆ ಸೇರುತ್ತದೆ. ಕಾಸರಗೋಡು ಜಿಲ್ಲೆಯ ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯ ದಾಟಿ ನಿಮ್ಮ ಕಾಣಿಯೂರಿಗೆ ಸೇರುವ ಸುಮಾರು 91 ಕಿಲೋಮೀಟರಿನ ಲೈನೊಂದು ಕಾಗದದಲ್ಲಿದೆ. ಸರ್ವೆ ಆಗಿದೆ, ಎರಡು ರಾಜ್ಯಗಳ ನಡುವೆ ಪತ್ರ ಓಡಾಡಿದೆ, ಮಣ್ಣು ಅಗೆದಿಲ್ಲ. ಅದು ಆದರೆ ಕಾಣಿಯೂರು ಜಂಕ್ಷನ್ ಆಗುತ್ತದೆ. ಗಡಿಯಾಚೆಯ ನಮ್ಮ ಕನ್ನಡದ ಮನೆಗಳಿಗೂ ಸುಳ್ಯಕ್ಕೂ ಒಂದು ದಾರಿ ಆಗುತ್ತದೆ. ಅಲ್ಲಿಯವರೆಗೆ ಸುಳ್ಯ ಪೇಟೆಯವರಿಗೆ ಪುತ್ತೂರು, ಬೆಳ್ಳಾರೆ–ನಿಂತಿಕಲ್ಲಿನ ಕಡೆಯವರಿಗೆ ಕಾಣಿಯೂರು, ಇವೇ ರೈಲಿನ ಬಾಗಿಲು. ಹತ್ತಿರದ ಬಸ್ಸುಗಳ ಸಮಯವನ್ನು ರೈಲಿಗೆ ಹೊಂದಿಸುವುದಕ್ಕೆ ಸರ್ವೆಯೂ ಬೇಡ, ಸುರಂಗವೂ ಬೇಡ. ಪಂಚಾಯತಿನವರು ಬಸ್ ಡಿಪೋಗೆ ಒಂದು ಮನವಿ ಬರೆದರೆ ಆರಂಭ ಆದೀತು. ನೀವು ಟೀಚರ್ ಆಗಿದ್ದವರು, ಆ ಅರ್ಜಿಯನ್ನು ನಿಮ್ಮ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು.

ಕೊನೆಯ ಪ್ರಶ್ನೆಗೆ ಉತ್ತರ: ಹೌದು, ಹೋಗಿ ಬರಬಹುದು. ಸುಬ್ರಹ್ಮಣ್ಯ ರೋಡಿನಿಂದ ಬೆಳಿಗ್ಗೆ ಏಳರ ಸುಮಾರಿಗೆ ಹೊರಡುವ ಗಾಡಿ ಸ್ವಲ್ಪ ಹೊತ್ತಿನಲ್ಲೇ ಕಾಣಿಯೂರಿಗೆ ಬರುತ್ತದೆ, ಒಂಬತ್ತೂವರೆಯ ಹೊತ್ತಿಗೆ ನೀವು ಮಂಗಳೂರು ಸೆಂಟ್ರಲಿನಲ್ಲಿರುತ್ತೀರಿ. ಸಂಜೆ ಆರಕ್ಕೆ ಸ್ವಲ್ಪ ಮೊದಲು ಅಲ್ಲಿಂದ ಮರಳಿ ಹೊರಡುತ್ತದೆ. ಸಮಯ ಆಗಾಗ ಐದು ಹತ್ತು ನಿಮಿಷ ಬದಲಾಗುವುದುಂಟು, ಹಿಂದಿನ ದಿನ ಒಮ್ಮೆ ವಿಚಾರಿಸಿಕೊಳ್ಳಿ. ಕೋವಿಡ್ ಹೊತ್ತಿನಲ್ಲಿ 30 ರೂಪಾಯಿಗೆ ಏರಿದ್ದ ಕನಿಷ್ಠ ಟಿಕೆಟ್ 2024ರ ಫೆಬ್ರವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳಿಯಿತು. ತಿಂಗಳಿಗೆ ಹಲವು ಸಲ ಹೋಗುವುದಿದ್ದರೆ ಸೀಸನ್ ಟಿಕೆಟ್ ಮಾಡಿಸಿ. ಮೊಬೈಲಿನಲ್ಲಿ ರೈಲ್ವೆಯ ಟಿಕೆಟ್ ಆ್ಯಪ್ ಇದ್ದರೆ ಟಿಕೆಟ್ ಕಿಟಕಿಯ ಮುಂದೆ ನಿಲ್ಲಬೇಕಾಗಿಲ್ಲ. ಟಿಕೆಟನ್ನು ಸ್ಟೇಷನ್ ಮುಟ್ಟುವ ಮೊದಲೇ ಮಾಡಿಕೊಳ್ಳಿ, ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಸಿಕ್ಕರೆ ಸಿಕ್ಕಿತು. ಮರಳುವಾಗ ಪುತ್ತೂರು ದಾಟಿದ ಮೇಲೆ ಎದ್ದು ಬಾಗಿಲ ಹತ್ತಿರದ ಸೀಟಿಗೆ ಬನ್ನಿ, ಸಣ್ಣ ನಿಲ್ದಾಣಗಳಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಾಣಿಯೂರಿನಲ್ಲಿ ಇಳಿಯುವಾಗ ಕತ್ತಲಾಗಿರುತ್ತದೆ. ಒಂದು ಟಾರ್ಚ್ ಇಟ್ಟುಕೊಳ್ಳಿ, ಯಾರಾದರೂ ಸ್ಟೇಷನ್ನಿನವರೆಗೆ ಬಂದು ಕರೆದುಕೊಂಡು ಹೋಗಲಿ.